ಡೋರೀನ್‌ಗೆ ಕಳಿಸಿದ ಗೌರಿ ಬಾಗಿನ

ನಡೆದದ್ದು ಇಷ್ಟೇ. ಗೌರಿ ಹಬ್ಬಕ್ಕೆ ನಾನು ಕಳಿಸಿದ ಬಾಗಿನದಿಂದ ಕಡಲಾಚೆಯ ಒಬ್ಬ ಹೆಣ್ಣುಮಗಳ ಅಂಗಡಿ ಹೋಯಿತು. ಪ್ರೀತಿಯಿಂದ ಮಾಡಿದ್ದು, ಪಾಪ, ಗೊತ್ತಾಗಲಿಲ್ಲ ಅಂತ ನಮ್ಮ ಕಡೆಯವರು ಹೇಳ್ತಾರೆ. ಎರಡೂ ಸುಳ್ಳು. ಗಿರಾಕಿ ಕೈಬಿಟ್ಟು ಹೋಗಬಾರದು ಅಂತ ಮಾಡಿದ್ದು. ಗೊತ್ತಿದ್ದೇ ಮಾಡಿದ್ದು.

ಇದು ಎರಡು ವರ್ಷದ ಹಿಂದಿನ ಮಾತು. ಗುಬ್ಬಿಯಲ್ಲಿ ನನ್ನದೊಂದು ಶೆಡ್ ಇದೆ. ತೆಂಗಿನ ಚಿಪ್ಪು ಉಜ್ಜಿ, ನಯ ಮಾಡಿ, ಬಟ್ಟಲು, ಸೌಟು, ಲೋಟ ಮಾಡ್ತೀವಿ. ಕೆಲಸಕ್ಕೆ ಆರು ಜನ ಹೆಂಗಸರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಮಾತು ಬಂದಾಗ ಕುಣಿಗಲ್‌ನಿಂದ ತಂದುಕೊಂಡ ಸೊಸೆ ಸುಮ ಬೇಕು. ಅವಳು ಕಾನ್ವೆಂಟಿನಲ್ಲಿ ಮೇಡಮ್ಮು. ಸರಕನ್ನು ಹೊರದೇಶಕ್ಕೆ ಕಳಿಸುವ ಕಾಗದ ಪತ್ರ, ಹಡಗಿನ ಏರ್ಪಾಡು ಎಲ್ಲ ತುಮಕೂರಿನ ಏಜೆಂಟ್ ಮಹೇಶನದು.

ನಮ್ಮ ಮಾಲು ಹೆಚ್ಚಾಗಿ ಹೋಗುತ್ತಿದ್ದದ್ದು ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪಕ್ಕೆ. ತರಿಸಿಕೊಳ್ಳುತ್ತಿದ್ದವಳು ಡೋರೀನ್. ಅವಳನ್ನು ನಾನು ಫೋನಿನಲ್ಲಿ ಬಿಟ್ಟರೆ ಕಂಡವಳಲ್ಲ. ದಪ್ಪನೆಯ ಹೆಂಗಸು, ನನ್ನ ಮಗಳ ವಯಸ್ಸು, ನಕ್ಕರೆ ಫೋನೇ ಅಲುಗಾಡೋದು. ವರ್ಷಾನುಗಟ್ಟಲೆ ಹೋಟೆಲಿನಲ್ಲಿ ರೂಮು ಗುಡಿಸಿ, ಹಾಸಿಗೆ ಮಡಚಿ, ಆ ಕೆಲಸ ಬಿಟ್ಟು ಬಂದರಿನ ಹತ್ತಿರ ಅಂಗಡಿ ಇಟ್ಟವಳು.

ಆ ಊರಿನ ವ್ಯಾಪಾರ ನನಗೆ ಅರ್ಥ ಆಗೋಕೆ ಸ್ವಲ್ಪ ಕಾಲ ಹಿಡೀತು. ಅಲ್ಲಿ ಬೆಳೆ ಅಂದರೆ ಟೂರಿಸ್ಟು. ದೊಡ್ಡ ಹಡಗು ಬಂದ ದಿನ ನಮ್ಮ ಗುಬ್ಬಿ ಸಂತೆ ಹಾಗೆ ಜನ. ಹಡಗು ಹೋದ ಮೇಲೆ ಬೀದಿಯಲ್ಲಿ ನಾಯಿ ಮಲಗಿರ್ತದೆ. ನಮ್ಮ ಕಾರ್ತಿಕದಿಂದ ಯುಗಾದಿವರೆಗೆ ಹಡಗಿನ ಸೀಸನ್ನು. ಆಗ ದುಡಿದದ್ದರಲ್ಲಿ ವರ್ಷ ಪೂರ್ತಿ ಉಣ್ಣಬೇಕು. ಊರಿನಲ್ಲಿ ತಯಾರಾಗೋದು ಕಡಿಮೆ, ಸೋಪಿನಿಂದ ಹಿಡಿದು ಆಟದ ಸಾಮಾನಿನವರೆಗೆ ಹೊರಗಿನಿಂದ ಬರಬೇಕು. ಬಂದರಿನಲ್ಲಿ ಮುಂದಿನ ಸಾಲಿನ ಮಳಿಗೆ ಸಿಕ್ಕವರಿಗೆ ಜೀವನ, ಹಿಂದಿನ ಸಾಲಿನವರಿಗೆ ನೊಣ. ಮೊದಲನೇ ಹಡಗು ಬರುವ ಹೊತ್ತಿಗೆ ಯಾರ ಮಳಿಗೆ ಖಾಲಿ ಇರುತ್ತೋ, ಅದನ್ನು ಕಿತ್ತು ಕಾಯ್ತಾ ಇರೋರಿಗೆ ಕೊಡ್ತಾರೆ. ಆ ವರ್ಷ ಡೋರೀನ್‌ಗೆ ಮೊದಲ ಸಲ ಮುಂದಿನ ಸಾಲಿನ ಮಳಿಗೆ ಸಿಕ್ಕಿತ್ತು.

ಸಮುದ್ರದ ಪಕ್ಕದ ಊರಿಗೆ ಗುಬ್ಬಿಯಿಂದ ತೆಂಗಿನ ಚಿಪ್ಪು ಯಾಕಮ್ಮ ಅಂತ ನಾನೂ ಒಂದು ದಿನ ಕೇಳಿದ್ದೆ. ಅವಳು ಫೋನನ್ನು ಕಿಟಕಿ ಕಡೆ ತಿರುಗಿಸಿ ತೋರಿಸಿದಳು. ಗುಡ್ಡದ ಮೇಲೆ ಮರಗಳು ನಿಂತಿದ್ದವು, ತಲೆ ಇಲ್ಲ. ಕರೆಂಟ್ ಕಂಬ ನೆಟ್ಟ ಹಾಗೆ. ರೋಗ ಬಿದ್ದು ಗರಿ ಹಳದಿಯಾಗಿ ಸುಳಿ ಕೊಳೆತು ಹೋದವಂತೆ. ಅವಳ ಅಪ್ಪನ ತೋಟವೂ ಅದರಲ್ಲಿ ಹೋಯಿತಂತೆ. ನನಗೂ ಕಡಬದ ಕೆರೆ ಕೆಳಗೆ ತೋಟ ಇದೆ, ನಮ್ಮ ಕಡೆ ನುಸಿ ಬಿದ್ದಾಗ ಕಾಯಿ ಸುಕ್ಕುಗಟ್ಟಿ ಉದುರಿದ್ದನ್ನು ಆಯ್ದು ಸುಟ್ಟಿದ್ದೀನಿ ಅಂತ ಹೇಳಿದೆ. ಇಬ್ಬರೂ ತುಂಬ ಹೊತ್ತು ಮರದ ಮಾತೇ ಆಡಿದೆವು. ಸುಮ ಇಬ್ಬರ ಮಧ್ಯೆ ತರ್ಜುಮೆ ಮಾಡಿ ಸುಸ್ತಾದಳು.

ಉಳಿದಿರೋ ನಾಲ್ಕು ಮರ ಉಳೀಲಿ ಅಂತ ಆ ದ್ವೀಪದವರು ಹೊರಗಿನ ಕಾಯಿ, ಕಾಳು, ಬೇರು, ಮಣ್ಣು ಯಾವುದನ್ನೂ ಒಳಗೆ ಬಿಡಲ್ಲ. ಒಣಗಿಸಿ, ಹೊಗೆ ಕೊಡಿಸಿ, ರೋಗ ಇಲ್ಲ ಅಂತ ಸರ್ಟಿಫಿಕೇಟ್ ಪಡೆದ ಚಿಪ್ಪು ಮಾತ್ರ ಹೋಗಬಹುದು. ಹೊಗೆ ಅಂದರೆ ಹುಳ ಸಾಯುವ ಗ್ಯಾಸು. ಮಹೇಶ ಪ್ರತಿ ಸಲ ಹೇಳೋನು, ಅಜ್ಜಿ, ಚಿಪ್ಪು ಬಿಟ್ಟು ಒಂದು ಕಡ್ಡಿ ಒಳಗೆ ಹೋಗಕೂಡದು ಅಂತ. ಮಗ್ಗಿ ಒಪ್ಪಿಸಿದ ಹಾಗೆ ನಾನು ಹೂಂ ಅನ್ನೋಳು.

ಆ ವರ್ಷದ ಸರಕು ಕಟ್ಟಿದ್ದು ಗೌರಿ ಹಬ್ಬದ ವಾರ. ಅದಕ್ಕೆ ಮುಂಚೆ ಡೋರೀನ್ ಮಾತಿನ ಮಧ್ಯೆ ಒಂದು ಸುದ್ದಿ ಹೇಳಿದ್ದಳು: ವಿಯೆಟ್ನಾಂನವರು ಇಂಥದ್ದೇ ಬಟ್ಟಲು ನಮಗಿಂತ ಅಗ್ಗಕ್ಕೆ ಕೊಡ್ತಾರಂತೆ. ಇವಳೂ ಅವರ ಕಡೆ ಹೋಗಿಬಿಟ್ಟರೆ ಅನ್ನಿಸಿತು. ರೇಟು ಇಳಿಸೋಕೆ ಮನಸ್ಸಿಲ್ಲ. ಬಂಧ ಬೆಳೆಸಿದರೆ ಬಿಟ್ಟು ಹೋಗಲ್ಲ ಅಂತ ಲೆಕ್ಕ ಹಾಕಿದೆ. ಬಾಗಿನ ಕಳಿಸಿದ ತವರನ್ನು ಯಾವ ಹೆಣ್ಣು ಬಿಡ್ತಾಳೆ?

ಹೆಂಗಸರು ಹಬ್ಬದ ಸಾಮಾನಿಗೆ ಅಂತ ಬೇಗ ಹೋಗಿದ್ದರು. ಕೊನೆಯ ಪೆಟ್ಟಿಗೆಗೆ ಟೇಪು ಬಿದ್ದಿರಲಿಲ್ಲ. ಜುಟ್ಟು ಬಿಟ್ಟ ತೆಂಗಿನಕಾಯಿ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಬಳೆ, ಕುಂಕುಮ ಎಲ್ಲ ಒಂದು ರವಿಕೆ ಕಣದಲ್ಲಿ ಕಟ್ಟಿ ಬಟ್ಟಲುಗಳ ನಡುವೆ ಇಟ್ಟೆ. ಸುಮ ನೋಡಿಬಿಟ್ಟಳು.

"ಅತ್ತೆ, ಮಹೇಶಣ್ಣ ಹೇಳಿದ್ದು ಮರ್ತೋಯ್ತಾ?"

"ಮಹೇಶನ್ಗೇನ್ ಗೊತ್ತು ಗೌರಿ ಹಬ್ಬ? ಹೆಣ್ಮಗಳಿಗೆ ಹಬ್ಬದಲ್ಲಿ ಬರೀ ಮಾಲು ಕಳ್ಸಕ್ಕಾಯ್ತದಾ? ಸುಮ್ನಿರು."

"ಹಿಡುದ್ರೆ?"

"ಅಷ್ಟು ಪೆಟ್ಗೇಲಿ ಇದನ್ನೇ ಹುಡುಕ್ತಾರಾ? ಬುಡು ಅತ್ಲಾಗೆ."

ಹುಡುಕಿದರು. ದೀಪಾವಳಿ ಕಳೆದ ವಾರ ಮಹೇಶನಿಂದ ಫೋನ್ ಬಂತು. ಅಲ್ಲಿನ ಕಸ್ಟಮ್ಸಿನವರು ಡೋರೀನ್‌ನ ಕರೆಸಿ ಅವಳ ಎದುರಿಗೇ ಆ ಗಂಟು ಬಿಚ್ಚಿದ್ದರಂತೆ. ಕುಂಕುಮ ಬಳಿದ ಕಾಯಿ, ಅಕ್ಕಿ, ಬಳೆಚೂರು. ಅಲ್ಲಿಯವರಿಗೆ ಅದು ಮಾಟದ ಹಾಗೆ ಕಂಡಿದೆ. ಅವರನ್ನು ಬೈಯೋದಕ್ಕಾಗಲ್ಲ, ಅಂಥ ಕಾಯಿ ದಾರಿಯಲ್ಲಿ ಕಂಡರೆ ನಾವೂ ಪಕ್ಕಕ್ಕೆ ಸರಿದೇ ಹೋಗ್ತೀವಿ. ಅಕ್ಕಪಕ್ಕದ ಅಂಗಡಿಯವರು ಅವಳ ಹತ್ತಿರ ನಿಲ್ಲೋದು ಬಿಟ್ಟರಂತೆ. ಕಾಯಿಯಲ್ಲಿ ಮೊಳಕೆ ಬೇರೆ ಒಡೆದಿತ್ತು. ಪೂರ್ತಿ ಸರಕನ್ನು, ಹೆಂಗಸರು ಆಷಾಢ ಶ್ರಾವಣ ಕೂತು ಉಜ್ಜಿದ ಅಷ್ಟೂ ಬಟ್ಟಲನ್ನು, ಬಂದರಿನ ಹಿಂದೆ ಸುರಿದು ಸುಟ್ಟರು.

ಮಹೇಶನ ಫೋನ್ ಬರುವಷ್ಟರಲ್ಲಿ ಮೊದಲನೇ ಹಡಗೂ ಬಂದಿತ್ತು, ಅವಳ ಮಳಿಗೆ ಖಾಲಿ ಇತ್ತು. ಅದು ಬೇರೆಯವನಿಗೆ ಹೋಯಿತು.

ಎರಡು ದಿನ ನಾನು ಅವಳಿಗೆ ಫೋನ್ ಮಾಡಲಿಲ್ಲ. ಕೆಲಸ ಇತ್ತು ಅಂತ ಹೇಳಿಕೊಂಡೆ. ಮೂರನೇ ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಲ್ಲಿ ಬೆಳಿಗ್ಗೆ, ಸುಮ ತಾನೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಡೋರೀನ್ ಹೋಟೆಲಿನ ಯೂನಿಫಾರ್ಮಿನಲ್ಲಿದ್ದಳು. ಹಳೇ ಕೆಲಸಕ್ಕೆ ಮತ್ತೆ ಸೇರಿದ್ದಳು. ಹಿಂದೆ ಮಡಚಿದ ದುಪ್ಪಟಿಗಳ ರಾಶಿ. ನಾನು ಗೌರಿ ಹಬ್ಬ ಅಂದರೇನು, ತವರು ಅಂದರೇನು ಅಂತ ಶುರು ಮಾಡಿದೆ. ಸುಮ ಅರ್ಧಕ್ಕೇ ನಿಲ್ಲಿಸಿ, ಇದನ್ನೆಲ್ಲ ನಾನು ಹೇಳಲ್ಲ ಅತ್ತೆ ಅಂದಳು. ಆಮೇಲೆ ಡೋರೀನ್ ಒಂದೇ ಮಾತು ಹೇಳಿದಳು. ಕೂಗಾಡಲಿಲ್ಲ, ಅಳಲಿಲ್ಲ. ಸುಮ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನಿಮಗೂ ತೋಟ ಇದೆ ಅಂದಿದ್ರಲ್ಲ."

ಅಷ್ಟೇ. ಕೆಲಸದ ಗಂಟೆ ಹೊಡೀತು, ಹೋದಳು.

ಮಹೇಶ ಆಮೇಲೆ ಉಳಿದದ್ದನ್ನು ಬಿಡಿಸಿ ಹೇಳಿದ. ಸರಕು ತರಿಸಿಕೊಂಡವಳು ಅಂತ ಡೋರೀನ್ ಹೆಸರು ತಡೆಪಟ್ಟಿಗೆ ಬಿದ್ದಿದೆ. ಇನ್ನು ಅವಳು ಹೊರಗಿನಿಂದ ಏನೂ ತರಿಸುವ ಹಾಗಿಲ್ಲ. ಎಲ್ಲವನ್ನೂ ತರಿಸಿಯೇ ಮಾರುವ ಊರಿನಲ್ಲಿ ಇದರ ಅರ್ಥ ಅವಳು ಇನ್ನು ಅಂಗಡಿ ಇಡೋ ಹಾಗೇ ಇಲ್ಲ ಅಂತ. ಕಳಿಸಿದವರು, ಅಂದರೆ ನಾವು, 'ಡೋರೀನ್‌ಗೆ ಇದು ಗೊತ್ತಿರಲಿಲ್ಲ, ಬೇಡ ಅಂತ ಹೇಳಿದ್ದರೂ ನಾನೇ ಇಟ್ಟೆ' ಅಂತ ಬರೆದುಕೊಟ್ಟರೆ ಅವಳ ಹೆಸರು ತೆಗೀತಾರೆ, ನಮ್ಮ ಹೆಸರು ಹಾಕ್ತಾರೆ. ಆಮೇಲೆ ನಮ್ಮ ಶೆಡ್ಡಿನಿಂದ ಆ ದ್ವೀಪಕ್ಕೆ ಒಂದು ಬಟ್ಟಲೂ ಹೋಗಲ್ಲ. ನಮ್ಮ ಅರ್ಧ ಕೆಲಸ ಅಲ್ಲಿಯದು.

ಅವನೇ ಒಂದು ದಾರಿಯನ್ನೂ ತೋರಿಸಿದ. ಪ್ಯಾಕಿಂಗ್ ಹೆಂಗಸು ಯಾರೋ ತಿಳೀದೆ ಹಾಕಿದಳು, ಅವಳನ್ನು ಕೆಲಸದಿಂದ ತೆಗೆದಿದ್ದೀವಿ ಅಂತ ಬರೆದರೆ ಎಚ್ಚರಿಕೆ ಕೊಟ್ಟು ನಮ್ಮನ್ನು ಬಿಡಬಹುದು. ಡೋರೀನ್ ಹೆಸರು ಮಾತ್ರ ಹಾಗೇ ಉಳಿಯುತ್ತೆ.

ರಾತ್ರಿ ಊಟಕ್ಕೆ ಕೂತಾಗ ಸುಮನನ್ನು ಕೇಳಿದೆ, ಏನು ಮಾಡೋಣ ಅಂತ.

"ಪೆಟ್ಗೇಲಿ ಇಡುವಾಗ ನನ್ನ ಕೇಳಿದ್ರಾ?" ಅಂದಳು. ಸಾರು ಬಡಿಸಿ ಒಳಗೆ ಹೋದಳು.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ಕೊಡೋ ಆಸೆ ನಮ್ಮದು, ಅದರ ಖರ್ಚು ಇಸ್ಕೊಂಡೋರದು. ಅವರಿಗೆ ಏನು ಬೇಡ ಅನ್ನೋದನ್ನು ಮೊದಲು ಕೇಳಿಸಿಕೊಳ್ಳಬೇಕು. ನಾನು ಕೇಳಿಸಿಕೊಂಡಿದ್ದೆ, ಅದೇ ಕೆಟ್ಟದ್ದು.

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ತುಮಕೂರಿಗೆ ಹೋದೆ. ಮಹೇಶ ಆಫೀಸಿನ ಬಾಗಿಲು ತೆಗೀತಾ ಇದ್ದ. ಅವನ ಕಂಪ್ಯೂಟರಿನಲ್ಲಿ ಪ್ಯಾಕಿಂಗ್ ಹೆಂಗಸಿನ ಕಾಗದ ತಯಾರಿತ್ತು, ಹೆಸರಿನ ಜಾಗ ಮಾತ್ರ ಖಾಲಿ.

"ಯಾರ ಹೆಸರು ಹಾಕ್ಲಿ ಅಜ್ಜಿ?"

"ನಂದು ಹಾಕು. ಕೆಲ್ಸದಿಂದ ತೆಗ್ದಿದೀವಿ ಅನ್ನೋದು ಅಳ್ಸು. ತಿಳೀದೆ ಅನ್ನೋದೂ ಅಳ್ಸು."

ಇನ್ನೊಂದು ಸಲ ಯೋಚನೆ ಮಾಡಿ ಅಜ್ಜಿ, ಅಂದ ಮಹೇಶ. ಅವನು ಹೇಳಿದ್ದು ನಮ್ಮ ಒಳ್ಳೇದಕ್ಕೇ. ಸೈನ್ ಹಾಕಿ ಗುಬ್ಬಿ ಬಸ್ಸು ಹತ್ತಿದೆ. ಶೆಡ್ಡಿಗೆ ಬಂದಾಗ ಆರು ಜನವೂ ಚಿಪ್ಪು ಹಿಡಿದು ಕೂತಿದ್ದರು. ಮಷೀನು ಆಫ್ ಮಾಡಿಸಿದೆ. ಇನ್ನು ಅರ್ಧ ಕೆಲಸ ಇಲ್ಲ, ಯಾಕೆ ಇಲ್ಲ, ಯಾರಿಂದ ಇಲ್ಲ ಅಂತ ನಿಂತೇ ಹೇಳಿದೆ.