ತಂಗಿ ಇಳಿದುಕೊಂಡದ್ದು ಎದುರು ಮನೆಯಲ್ಲಿ

ನನ್ನ ತಂಗಿ ಮೊನ್ನೆ ನಮ್ಮ ಬೀದಿಗೆ ಬಂದು ಎರಡು ದಿನ ಇದ್ದು ಹೋದಳು. ನಮ್ಮ ಮನೆಯಲ್ಲಲ್ಲ, ಎದುರು ಮನೆಯಲ್ಲಿ. ಬಾಡಿಗೆ ಕೊಟ್ಟು.

(ಒಡಹುಟ್ಟಿದವಳಲ್ಲ, ಚಿಕ್ಕಮ್ಮನ ಮಗಳು. ಒಂದೇ ಕಂಬಳಿಗೆ ಕಿತ್ತಾಡಿ ಬೆಳೆದವರಿಗೆ ಆ ವ್ಯತ್ಯಾಸವೆಲ್ಲ ಎಲ್ಲಿ ನೆನಪಿರುತ್ತದೆ?)

ಸುಮಾ ಎಂದು ಕರೆಯೋಣ. ಪುಣೆಯ ಶಾಲೆಯೊಂದರಲ್ಲಿ ಟೀಚರ್. ನಮ್ಮ ನೆಂಟರ ಮದುವೆಯೊಂದಕ್ಕೆ ಬರುವವಳಿದ್ದಳು. ಧನುರ್ಮಾಸ ಶುರುವಾಗುವುದರೊಳಗೆ ಮುಗಿಸಿಬಿಡೋಣ ಎಂದು ಎಲ್ಲರೂ ಅವಸರಪಡುವ ಕಾಲ; ದೇವನಹಳ್ಳಿಯ ಒಂದು ಛತ್ರವೂ ಖಾಲಿ ಇರುವುದಿಲ್ಲ. ಹೊರಡುವ ವಾರ ಫೋನ್ ಮಾಡಿದಳು.

“ಅಕ್ಕಾ, ನಿಂಗ್ಯಾಕೆ ತೊಂದ್ರೆ ಅಂತ ಒಂದು ಹೋಂಸ್ಟೇ ಬುಕ್ ಮಾಡ್ಕೊಂಡ್ಬಿಟ್ಟೆ. ನಿಮ್ಮ ಬೀದೀಲೇ ಇದೆ ಕಣೇ.”

“ನಮ್ಮ ಬೀದೀಲಾ? ಯಾವ ಮನೆ?”

“ಫೋಟೋದಲ್ಲಿ ಗೇಟ್ ಪಕ್ಕ ಚಕ್ಕೋತದ ಮರ ಕಾಣ್ತಿದೆ.”

ಚಕ್ಕೋತದ ಮರ ಇರುವುದು ಪ್ರಮೀಳಮ್ಮನ ಮನೆಯ ಮುಂದೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅವರ ಮಹಡಿ ಮೆಟ್ಟಿಲು ಕಾಣುತ್ತದೆ.

“ಆಯ್ತಮ್ಮ, ನಿಂಗೆ ಹೇಗೆ ಅನುಕೂಲಾನೋ ಹಾಗೆ ಮಾಡು” ಎಂದೆ. ಹೆಂಗಸರು ಈ ಮಾತನ್ನು ಯಾವಾಗ ಆಡುತ್ತಾರೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕೇ?

ನಮ್ಮ ಅತ್ತೆಯವರಿಗಂತೂ ತಡೆಯಲಾಗಲಿಲ್ಲ. “ಹಾಲ್‌ನಲ್ಲಿ ಹತ್ತು ಜನ ಮಲಗ್ಬೋದು, ಅಷ್ಟು ಜಾಗ ಐತೆ! ದುಡ್ಡು ಕೊಟ್ಟು ಎದುರು ಮನೇಲಿ ಮಲಗ್ತಾಳಂತೆ. ನಾವೇ ಆಚೆಗೆ ಕಳಿಸಿದ್ವಿ ಅನ್ನಲ್ವಾ ಬೀದಿಯವರು?”

“ಬೆಳಗ್ಗೆ ಬಾತ್‌ರೂಮಿಗೆ ಕ್ಯೂ ನಿಲ್ಲೋದು ತಪ್ಪುತ್ತಲ್ಲಮ್ಮ” ಎಂದರು ನನ್ನ ಯಜಮಾನರು, ಪೇಪರಿನ ಹಿಂದಿನಿಂದ. ನಾವಿಬ್ಬರೂ ಅವರನ್ನು ನೋಡಿದ ರೀತಿಗೆ ಪೇಪರು ಇನ್ನಷ್ಟು ಮೇಲಕ್ಕೆ ಹೋಯಿತು.

ಪ್ರಮೀಳಮ್ಮ ಮಹಡಿಯನ್ನು ಮೊದಲು ಸಂಸಾರಸ್ಥರಿಗೆ ಬಾಡಿಗೆ ಕೊಡುತ್ತಿದ್ದರು. ಈಗ ಏರ್‌ಪೋರ್ಟಿಗೆ ಹೋಗಿ ಬರುವವರಿಗೆ ದಿನದ ಲೆಕ್ಕದಲ್ಲಿ. ಕಿಟಕಿಯಲ್ಲಿ ನಿಂತು ಪಾತ್ರೆ ತೊಳೆಯುವ ನನಗೆ ಅವರ ಅತಿಥಿಗಳೆಲ್ಲ ಚೆನ್ನಾಗಿ ಪರಿಚಯ. (ಅವರಿಗೆ ನನ್ನ ಪರಿಚಯವಿಲ್ಲ, ಅಷ್ಟೇ.) ಮೊದಮೊದಲು ಬಂದವರು ಎಸಿ ಇದೆಯಾ, ಟಿವಿ ಇದೆಯಾ ಎಂದು ಕೇಳುತ್ತಿದ್ದರಂತೆ. ಈಗ ಬರುವವರು ರಾಗಿಮುದ್ದೆ ಸಿಗುತ್ತದಾ ಎಂದು ಕೇಳುತ್ತಾರೆ. ಬಾಗಿಲಿನ ರಂಗೋಲಿಯ ಫೋಟೋ ತೆಗೆಯುತ್ತಾರೆ. ಕುಡಿದ ಲೋಟವನ್ನು ತಾವೇ ತೊಳೆದು ಮಗುಚಿಡುತ್ತಾರೆ. ಬೆನ್ನಿಗೆ ಒಂದೇ ಬ್ಯಾಗು ಹಾಕಿಕೊಂಡು ಒಬ್ಬೊಬ್ಬರೇ ಬರುವ ಹೆಣ್ಣುಮಕ್ಕಳು ಎಷ್ಟು ಜನ! ನನ್ನ ಕಾಲದಲ್ಲಿ ಹುಡುಗಿಯೊಬ್ಬಳು ಊರಲ್ಲದ ಊರಿನಲ್ಲಿ ಒಬ್ಬಳೇ ರೂಮು ಮಾಡುವುದುಂಟೇ?

ಆದರೆ ಬೀಗದ ಕೈ ಮಾತ್ರ ಗೇಟಿನ ಪಕ್ಕದ ನಂಬರ್ ಪೆಟ್ಟಿಗೆಯಲ್ಲಿ ಇರಬೇಕು. ಯಾರ ಮುಖವನ್ನೂ ನೋಡದೆ ತಾವೇ ತೆಗೆದುಕೊಂಡು ಒಳಗೆ ಹೋಗುವ ಹಾಗೆ. ಮನೆಯಂಥ ಮನೆ ಬೇಕು, ಮನೆಯವರು ಬೇಡ ಎಂದು ನಾನು ತಮಾಷೆ ಮಾಡುತ್ತಿದ್ದೆ. ನನ್ನ ತಂಗಿಯೇ ಆ ಪೆಟ್ಟಿಗೆಯ ನಂಬರ್ ಒತ್ತಲು ಬರುತ್ತಾಳೆ ಎಂದು ಗೊತ್ತಿರಲಿಲ್ಲವಲ್ಲ.

ಅವಳು ಬರುವ ಹಿಂದಿನ ದಿನ ಸಂತೆಯಿಂದ ಸೊಗಡಿನ ಅವರೆಕಾಯಿ ತಂದು, ಸುಲಿದು, ಕಾಳು ನೆನೆಹಾಕಿದೆ. ನಮ್ಮ ಕಡೆ ಅವರೆ ಕಾಲದಲ್ಲಿ ಹೆಣ್ಣು ನೆಂಟರು ಬಂದರೆ ಇದೇ ಪದ್ಧತಿ. ನೆನೆದ ಕಾಳಿನ ಪಾತ್ರೆ ಮಧ್ಯೆ ಇಟ್ಟುಕೊಂಡು ಕೂರುವುದು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಬೀಳುತ್ತದೆ. ಹಿತುಕುವುದು ಎನ್ನುತ್ತೇವೆ. ಕಣ್ಣು ಕಾಳಿನ ಮೇಲಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಅದಕ್ಕೇ ಇರಬೇಕು, ಎದುರು ಕೂತು ಆಡಲಾಗದ ಮಾತೆಲ್ಲ ಆಗ ಬರುತ್ತದೆ. ಸಾರು ಒಂದು ನೆಪ.

ಬಂದ ದಿನ ಮಧ್ಯಾಹ್ನ ಸುಮಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸ್ವೀಟ್ ಬಾಕ್ಸು. ಯಾವಾಗಲೂ ನೇರ ಅಡುಗೆಮನೆಗೆ ನುಗ್ಗಿ ಡಬ್ಬಿ ತಡಕುತ್ತಿದ್ದವಳು ಈ ಸಲ ಸೋಫಾದ ಅಂಚಿನಲ್ಲಿ ಕೂತಳು. ಸ್ವಲ್ಪ ಇಳಿದುಹೋಗಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು.

“ಎಲ್ಲಮ್ಮ, ನಿನ್ನ ಗಂಡ ಬರ್ಲಿಲ್ವಾ?” ಅತ್ತೆಯವರ ಮೊದಲ ಪ್ರಶ್ನೆ.

“ಕೆಲ್ಸ ಇತ್ತು ದೊಡ್ಡಮ್ಮ.”

“ಮದುವೇಗೂ ಬಿಡುವಿಲ್ಲದ ಅದೆಂಥ ಕೆಲ್ಸ ತಾಯಿ?”

ನಾನಾದರೂ ತಡೆಯಬಹುದಿತ್ತು. ಹೋಂಸ್ಟೇ ಸಿಟ್ಟು ಇನ್ನೂ ಆರಿರಲಿಲ್ಲ. ಕಾಫಿ ಕೊಡುತ್ತಾ, “ತಡೀರಿ ಅತ್ತೆ, ನಾನೇ ಈಗ ಫೋನ್ ಮಾಡಿ ಅವನ್ನ ವಿಚಾರಿಸ್ಕೋತೀನಿ” ಎಂದೆ. ಎಲ್ಲರೂ ನಕ್ಕರು. ಸುಮಾ ಕೂಡ ನಕ್ಕಳು. ಕಾಫಿ ಅರ್ಧ ಕುಡಿದು ಲೋಟ ಕೆಳಗಿಟ್ಟಳು.

“ಯಾಕೋ ತಲೆನೋವು ಅಕ್ಕ. ರೂಮಿಗೆ ಹೋಗಿ ಸ್ವಲ್ಪ ಮಲಗ್ತೀನಿ.”

ಆ ಸಂಜೆ ಒಬ್ಬಳೇ ಕೂತು ಅಷ್ಟೂ ಕಾಳು ಹಿತುಕಿದೆ. ಒಂದೊಂದು ಬೇಳೆಯೂ ನನ್ನ ಸಿಟ್ಟಿನ ವೇಗದಲ್ಲಿ ಹಾರಿತು. ಮರುದಿನ ಮದುವೆಯಲ್ಲಿ ಅವಳ ಪಕ್ಕ ಕೂತು ಊಟ ಮಾಡಿದೆ, ಸೀರೆಯ ಬಗ್ಗೆ ಮಾತಾಡಿದೆ. ಅದರ ಮರುದಿನ ಬೆಳಗ್ಗೆ ಟ್ಯಾಕ್ಸಿ ಬಂತು, ಗೇಟಿನಲ್ಲೇ ನಿಂತು ಕೈ ಬೀಸಿದಳು.

ಮಧ್ಯಾಹ್ನ ಪ್ರಮೀಳಮ್ಮ ಮರದಿಂದ ಕಿತ್ತ ಚಕ್ಕೋತ ಹಿಡಿದುಕೊಂಡು ಬಂದರು. ಅತ್ತೆಯವರು ಮಲಗಿದ್ದರು, ಹಾಲ್‌ನಲ್ಲಿ ನಾವಿಬ್ಬರೇ.

“ನಿಮ್ಮ ತಂಗಿ ಬಲು ಒಳ್ಳೆ ಹುಡುಗಿ ಕಣ್ರೀ. ಮೊನ್ನೆ ಸಂಜೆ ಹಿತ್ಲಲ್ಲಿ ಕೂತ್ಕೊಂಡು ಅವರೆಕಾಳು ಹಿತುಕ್ತಾ ಇದ್ನಾ, ತಲೆನೋವು ಅಂತ ಮಲಗಿದ್ದೋಳು ಎದ್ದು ಬಂದು ಕೂತೇಬಿಟ್ಲು. ಕೊಡಿ ಆಂಟಿ, ಅಭ್ಯಾಸ ಇದೆ ಅಂದ್ಲು. ಕೈಯೋ, ಮಿಷನ್ನೋ!”

ಅವಳ ಕೈ ಚುರುಕೆಂದು ನನಗೆ ಗೊತ್ತಿಲ್ಲವೇ?

“ಪಾಪ, ಒಬ್ಬಳೇ ಸಂಭಾಳಿಸ್ತಾ ಇದ್ದಾಳೆ. ಗಂಡನ್ನ ಬಿಟ್ಟು ಬೇರೆ ಮನೆ ಮಾಡೋದು ಅಂದ್ರೆ ಹುಡುಗಾಟಾನಾ? ಹೇಳ್ತಾ ಹೇಳ್ತಾ ಅತ್ತುಬಿಟ್ಲು...” ನನ್ನ ಮುಖ ನೋಡಿ ಅವರ ಮಾತು ನಿಂತಿತು. “ಅಯ್ಯೋ ಶಿವನೇ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ನಾನು.”

“ಗೊತ್ತು” ಎಂದೆ. ಸುಳ್ಳು.

ಬೀದಿಯ ಈಚೆ ನಾನು, ಆಚೆ ಅವಳು. ಒಂದೇ ಸಂಜೆ, ಅದೇ ಅವರೆಕಾಳು. ಅವಳು ಅತ್ತದ್ದು ಮಾತ್ರ ಆಚೆ.

ಅವಳು ಪುಣೆ ತಲುಪಿದ ಮೇಲೆ ಫೋನ್ ಮಾಡಿದೆ. ಪ್ರಮೀಳಮ್ಮ ಹೇಳಿದ್ದನ್ನು ಮುಚ್ಚಿಡಲಿಲ್ಲ.

“ನಿಮ್ಮನೇಲಿ ಇಳ್ಕೊಂಡಿದ್ರೆ ಎರಡು ದಿನಾನೂ ಅದೇ ಪ್ರಶ್ನೆಗೆ ಉತ್ತರ ಕೊಡ್ಬೇಕಿತ್ತು ಅಕ್ಕ. ಬಂದೋರಿಗೆಲ್ಲ. ಮದುವೆ ಮನೇಲಿ ಹೇಗೋ ತಪ್ಪಿಸ್ಕೋಬೋದು, ಮನೇಲಿ ಎಲ್ಲಿಗೆ ಹೋಗ್ಲಿ?”

“ಪ್ರಮೀಳಮ್ಮಂಗೆ ಹೇಳ್ದೆಯಲ್ಲೇ.”

“ಅವ್ರು ಕೇಳಿದ್ದು ಬಿಸಿನೀರು ಎಷ್ಟೊತ್ತಿಗೆ ಬೇಕು ಅಂತ, ಅಷ್ಟೇ. ಬೇರೆ ಏನೂ ಕೇಳ್ಲಿಲ್ಲ, ಅದಕ್ಕೇ ಎಲ್ಲಾ ಹೇಳ್ಬಿಟ್ಟೆ.”

(ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ, ಬರಿ. ನೆಂಟರಿಗೆಲ್ಲ ಒಂದೇ ಸಲ ಗೊತ್ತಾಗ್ಲಿ, ನಂಗೆ ಫೋನ್ ಖರ್ಚು ಉಳಿಯುತ್ತೆ” ಎಂದಳು. ಅವಳು ಹಾಗೇ.)

ಈಗಿನವರು ಯಾಕೆ ನೆಂಟರ ಮನೆ ಬಿಟ್ಟು ಅಪರಿಚಿತರ ಮನೆ ಹುಡುಕುತ್ತಾರೆ ಎಂದು ನಾವು ಕೊರಗುತ್ತೇವೆ. ಸಂಬಂಧ ಬೇಡವಾಗಿದೆ, ಸೋಫಾ, ವೈಫೈ, ಪ್ರೈವೆಸಿ ಮುಖ್ಯವಾಗಿದೆ ಎನ್ನುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು, ಯಾರನ್ನೂ ಪರ್ಸನಲ್ ಪ್ರಶ್ನೆ ಕೇಳಬಾರದು ಎಂದು ಕಲಿಸಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನಗೆ ಅದು ಬಲು ಒಣ ಪಾಠ ಅನ್ನಿಸಿತ್ತು. ನಮ್ಮಲ್ಲಿ ಕೇಳುವುದೇ ಪ್ರೀತಿ. ಸಂಬಳ ಎಷ್ಟು, ಮಕ್ಕಳು ಯಾವಾಗ, ಯಾಕೆ ಸೊರಗಿದ್ದೀ? ಕೇಳದಿದ್ದರೆ ಅವರಿಗೆ ನಮ್ಮ ಮೇಲೆ ಅಕ್ಕರೆ ಇಲ್ಲ ಎಂದೇ ಲೆಕ್ಕ. ಆ ಅಕ್ಕರೆಯಿಂದ ಎರಡು ದಿನದ ಮಟ್ಟಿಗೆ ತಪ್ಪಿಸಿಕೊಳ್ಳಲು ನನ್ನ ತಂಗಿ ಬಾಡಿಗೆ ಕಟ್ಟಬೇಕಾಯಿತು.

ಹಾಗೆಂದು ಹಳೆಯದೆಲ್ಲ ಕೆಟ್ಟದ್ದು ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಬೀಗದ ಪೆಟ್ಟಿಗೆ ಯಾರನ್ನೂ ‘ಯಾಕೆ ಸೊರಗಿದ್ದೀ’ ಎಂದು ಕೇಳುವುದಿಲ್ಲ, ನಿಜ. ನಾಳೆ ಅವಳಿಗೆ ಜ್ವರ ಬಂದರೆ ಪ್ರಮೀಳಮ್ಮ ಪುಣೆಗೆ ಹೋಗುವುದಿಲ್ಲ. ನಾನು ಹೋಗುತ್ತೇನೆ. ಆದರೆ ಜ್ವರ ಬಂದಿದೆ ಎಂದು ಅವಳು ನನಗೆ ಹೇಳಬೇಕಲ್ಲ?

ಫೋನಿನಲ್ಲಿ ನಾವಿಬ್ಬರೂ ಒಂದಷ್ಟು ಹೊತ್ತು ಮಾತಾಡಿದೆವು. ಅವಳ ಶಾಲೆಯ ಮಕ್ಕಳು, ಹೊಸ ಮನೆಯ ಬಾಲ್ಕನಿ, ಪಾರಿವಾಳದ ಕಾಟ. ಒಳಗಿನಿಂದ ಅತ್ತೆಯವರು ಕೂಗಿದರು: “ಸುಮಾನಾ? ಗಂಡ ಚೆನ್ನಾಗಿದ್ದಾನಾ ಕೇಳಮ್ಮ!” ಆ ಕಡೆ ಅವಳಿಗೂ ಕೇಳಿಸಿತು. ಇಬ್ಬರೂ ನಕ್ಕೆವು.

ಮುಂದಿನ ಸಲ ಬಂದರೆ ಎಲ್ಲಿ ಇಳಿದುಕೊಳ್ಳುತ್ತೀ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು, ಕೇಳಲಿಲ್ಲ.