ನೆಲಕ್ಕಿಡಬಾರದ ಗುರಾಣಿ

ನಂಬಿ ಎಂದು ಒತ್ತಾಯಿಸುವಷ್ಟು ತ್ರಾಣ ಈಗ ನನಗಿಲ್ಲ. ಆದರೆ ಕಳೆದ ಚಳಿಗಾಲ ಚಾಮರಾಜಪೇಟೆಯ ಆ ಮನೆಯಲ್ಲಿ ನಡೆದದ್ದಕ್ಕೆ ನಾನು ಒಂದು ಮಾತನ್ನೂ ಸೇರಿಸಿಲ್ಲ.

ಹಳೆಯ ಚರ್ಮದ ವಸ್ತುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಆ ಮನೆಯ ಲಲಿತಮ್ಮನವರ ಯಜಮಾನರು ದಂಡು ಪ್ರದೇಶದ ಯಾವುದೋ ಬಂಗಲೆಯ ಹರಾಜಿನಲ್ಲಿ ಒಂದು ಯುದ್ಧದ ಗುರಾಣಿ ಕೊಂಡಿದ್ದರಂತೆ. ಅಮೆರಿಕದ ಮೂಲನಿವಾಸಿಗಳಾದ ಶೈಯೆನ್ ಜನರದ್ದು. ಅಲ್ಲಿನ ಬೈಸನ್ ಎಂಬ ಕಾಡೆಮ್ಮೆಯ ದಪ್ಪ ಚರ್ಮ, ಮಾಸಿದ ನೀಲಿ ಬಣ್ಣ, ನಡುವೆ ರೆಕ್ಕೆ ಬಿಚ್ಚಿದ ಕಪ್ಪು ಹಕ್ಕಿ. ಅದನ್ನು ಆ ಜನರಿಗೇ ವಾಪಸ್ ಕಳಿಸಬೇಕೆಂಬುದು ತೀರಿಹೋದ ಯಜಮಾನರ ಆಸೆ. ಲಲಿತಮ್ಮ ಮನೆ ಖಾಲಿ ಮಾಡಿ ಹನುಮಂತನಗರದ ತಂಗಿಯ ಮನೆಗೆ ಹೊರಟಿದ್ದರು. ಮರುದಿನ ಬೆಳಗ್ಗೆ ಆರಕ್ಕೆ ಸಾಗಣೆಯವರು ಪೆಟ್ಟಿಗೆ ತರುವವರಿದ್ದರು. ಅಷ್ಟರೊಳಗೆ ಬಿರುಕು ಬಿಟ್ಟ ಅಂಚನ್ನು ನಾನು ಅಂಟಿಸಿ ಮುಗಿಸಬೇಕಿತ್ತು.

ಮಲಗಲು ಹೋಗುವ ಮುನ್ನ ಅವರು ಬಾಗಿಲಲ್ಲಿ ನಿಂತರು. "ನೋಡಿ, ಅದನ್ನ ನೆಲಕ್ಕೆ ಮಾತ್ರ ಇಡ್ಬೇಡಿ."

ಯಾಕೆಂದು ಕೇಳಲಿಲ್ಲ. ಆಸ್ಪತ್ರೆಯಲ್ಲಿದ್ದ ಅಮ್ಮನ ಪಕ್ಕ ಎರಡು ರಾತ್ರಿ ಕೂತು ಬಂದಿದ್ದೆ. ಕಣ್ಣು ಉರಿಯುತ್ತಿತ್ತು. ಅಂಚಿಗೆ ಹಚ್ಚಿದ ಅಂಟು ಒಣಗುವ ತನಕ ಗುರಾಣಿಯನ್ನು ಗೋಡೆಗೆ ನೇತುಹಾಕುವಂತಿರಲಿಲ್ಲ. ಖಾಲಿ ಹಾಲಿನಲ್ಲಿ ಉಳಿದದ್ದು ಒಂದೇ ಕುರ್ಚಿ. ಗುರಾಣಿಯನ್ನು ನೆಲದ ಮೇಲಿಟ್ಟು ನಾನು ಕುರ್ಚಿಯಲ್ಲಿ ಒರಗಿ ಕೂತೆ.

ಧಪ್...

ಚಳಿಗೆ ಬಿಗಿದುಕೊಂಡರೆ ಚರ್ಮ ಸದ್ದು ಮಾಡುತ್ತದೆ. ನನಗೆ ಗೊತ್ತಿರುವ ವಿಷಯವೇ. ಆದರೆ ಇದು ನೆಲದಡಿಯಿಂದ ಬರುತ್ತಿತ್ತು... ಧಪ್, ಧಪ್... ಭಾರವಾದ ಪ್ರಾಣಿಯೊಂದು ದೂರದಿಂದ ನಡೆದು ಬರುವ ಹಾಗೆ. ಅಂಗಾಲಿಗೆ ಅದುರು ತಾಗುತ್ತಿತ್ತು. ಸುಟ್ಟ ಹುಲ್ಲಿನ ವಾಸನೆ...

ಗುರಾಣಿ ಎತ್ತಿಕೊಂಡೆ. ಸದ್ದು ನಿಂತಿತು. ಚರ್ಮ ಬೆಚ್ಚಗಿತ್ತು, ಮೇಯ್ದು ಬಂದ ಹಸುವಿನ ಪಕ್ಕೆಯಂತೆ.

ತೊಡೆಯ ಮೇಲಿಟ್ಟುಕೊಂಡು ಕೂತೆ. ತೂಕಡಿಸಿ ಅಂಚು ನೆಲಕ್ಕೆ ತಾಗಿದಾಗಲೆಲ್ಲ ಅದೇ ಸದ್ದು, ಪ್ರತಿ ಸಲವೂ ಇನ್ನಷ್ಟು ಹತ್ತಿರ. ಕೊನೆಯ ಸಲ ಅದು ಕುರ್ಚಿಯ ಹಿಂದೆಯೇ ಬಂದು ನಿಂತಿತು. ಕತ್ತಿಗೆ ಬಿಸಿಯುಸಿರು ಬಡಿಯಿತು. ತಿರುಗಿ ನೋಡಲಿಲ್ಲ. ಹೆದರಿಕೆಗಿಂತ ಸುಸ್ತೇ ಹೆಚ್ಚಾಗಿತ್ತು. ತೋಳು ಮರಗಟ್ಟಿತ್ತು. ಸುಮ್ಮನೆ ಅಳು ಬಂತು.

ಬೆಳಗ್ಗೆ ಕಾಫಿ ತಂದ ಲಲಿತಮ್ಮ ನನ್ನನ್ನು ನೋಡಿ ಅಲ್ಲೇ ನಿಂತರು.

"ಗೋಡೆಗೆ ಮೊಳೆ ಹೊಡೆಯೋವರೆಗೂ ನಮ್ಮನೆಯವರೂ ಹೀಗೇ ಕೂತಿರ್ತಿದ್ರು," ಎಂದರು ಮೆಲ್ಲಗೆ.

ಗುರಾಣಿ ಹೋಯಿತು. ತಲುಪಿದೆ ಎಂದು ಪತ್ರವೂ ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕಳೆದ ವಾರ ಲಲಿತಮ್ಮ ಹನುಮಂತನಗರದಿಂದ ಫೋನ್ ಮಾಡಿದರು. ಅಲ್ಲೂ ಆ ಹೆಜ್ಜೆ ಸದ್ದು ಶುರುವಾಗಿದೆಯಂತೆ. ಮೊದಲು ಬೀದಿಯಲ್ಲಿ, ಆಮೇಲೆ ಗೇಟಿನ ಹತ್ತಿರ, ಈಗ ಮೆಟ್ಟಿಲ ಮೇಲೆ...

"ಎತ್ತಿ ಹಿಡ್ಕೊಳ್ಳೋಣ ಅಂದ್ರೆ, ಈಗ ಕೈಲಿ ಏನೂ ಇಲ್ವಲ್ಲ," ಎಂದರು.

ಫೋನ್ ಹಿಡಿದೇ ಕೂತಿದ್ದೆ. ಆ ಕಡೆ ಅವರೂ ಇಟ್ಟಿರಲಿಲ್ಲ.