ಕೆಂಪು ಪೆನ್ನಿನ ಮೇಷ್ಟ್ರು

ಶಿಕ್ಷಣಶಾಸ್ತ್ರದ ಪ್ರೊಫೆಸರಿಕೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಮೇಷ್ಟ್ರ ಜೇಬಿನ ಕೆಂಪು ಪೆನ್ನಿಗೆ ಮಾತ್ರ ನಿವೃತ್ತಿಯಿಲ್ಲ. ಔಷಧಿ ಅಂಗಡಿಯ ಬೋರ್ಡು ತಿದ್ದಲು ಅಂಗಡಿಯವನನ್ನೇ ಸ್ಟೂಲು ಕೇಳಿದ್ದೂ ಉಂಟು. ಬರವಣಿಗೆ ಕಲಿಯಲು ಬರುವ ಶಿಷ್ಯರಿಗೆ "ಹೆದರಬೇಡಿ, ಮನಸ್ಸು ಬಿಚ್ಚಿ ಬರೀರಿ" ಎಂದು ಧೈರ್ಯ ತುಂಬುತ್ತಾರೆ; ಹಾಳೆ ಕೈಗೆ ಸಿಕ್ಕಿದ್ದೇ ತಡ, ಅಕ್ಷರಕ್ಕಿಂತ ಗೀಟೇ ಹೆಚ್ಚಾಗುವ ಹಾಗೆ ಗೀಚುತ್ತಾರೆ. ಮೂರನೇ ವಾರಕ್ಕೆ ಶಿಷ್ಯರು ಸಂಗೀತದ ಪಾಠಕ್ಕೆ ಸೇರಿಕೊಂಡಿರುತ್ತಾರೆ. ಮೇಷ್ಟ್ರಿಗೆ ಹೆಸರು ತಂದ ಸಂಶೋಧನೆ, ಅಕ್ಷರ ಕಲಿತವರು ಬರೆಯುವುದನ್ನು ಯಾಕೆ ಬಿಡುತ್ತಾರೆ ಎಂಬುದು. ಅದಕ್ಕಾಗಿ ಮೂರು ಸಾವಿರ ಮನೆಗಳ ಕದ ತಟ್ಟಿ, ತಲೆದಿಂಬಿನಷ್ಟು ದಪ್ಪದ ವರದಿ ಬರೆದು, ಕಾರಣ ಇನ್ನೂ ಹುಡುಕಬೇಕಿದೆ ಎಂದು ಮುಗಿಸಿದರು. ತಟ್ಟದೆ ಬಿಟ್ಟದ್ದು ತಮ್ಮ ಮನೆಯ ಕದ ಒಂದನ್ನೇ. ಮದುವೆಯಾದ ಹೊಸತರಲ್ಲಿ ಹೆಂಡತಿ ತವರಿನಿಂದ ಬರೆದ ಮೊದಲ ಕಾಗದವನ್ನು ಅವರು ಸಾಲುಸಾಲಾಗಿ ತಿದ್ದಿ, ಅಂಚಿನಲ್ಲಿ 'ಭಾವನೆ ಚೆನ್ನಾಗಿದೆ, ಉದಾಹರಣೆ ಸಾಲದು' ಎಂದು ಷರಾ ಹಾಕಿ, ಹತ್ತಕ್ಕೆ ಆರು ಅಂಕ ಕೊಟ್ಟು ವಾಪಸು ಕಳಿಸಿದ್ದರು. ಅಲ್ಲಿಂದೀಚೆಗೆ ಆಕೆ ಸಾಮಾನಿನ ಚೀಟಿಯನ್ನೂ ಬರೆದವರಲ್ಲ. ಬಾಯಲ್ಲಿ ಹೇಳುತ್ತಾರೆ, ಮೇಷ್ಟ್ರು ಬರೆದುಕೊಳ್ಳುತ್ತಾರೆ. ಮೊನ್ನೆ ಆ ವರದಿಗೆ ಬಂದ ಪ್ರಶಸ್ತಿಯ ಪಾರ್ಸೆಲ್ ಹಿಡಿದು ಅಂಚೆಯವನು ಬಂದಾಗ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಆಕೆ ಅವನು ಚಾಚಿದ ಪೆನ್ನನ್ನು ಸರಿಸಿ, ಇಂಕ್ ಪ್ಯಾಡ್ ಕೇಳಿ, ಎಡಗೈ ಹೆಬ್ಬೆಟ್ಟು ಒತ್ತಿದರು. "ಓದು ಬರಹ ಬರಲ್ವಾ ಅಮ್ಮ?" ಅಂದ ಅವನು. "ಬರುತ್ತಪ್ಪ, ಹತ್ತಕ್ಕೆ ಆರರಷ್ಟು" ಅಂದರು ಆಕೆ, ಬಚ್ಚಲುಮನೆಗೂ ಕೇಳುವ ಹಾಗೆ. ಒಳಗೆ ನೀರು ಸುರಿಯುವ ಸದ್ದು ನಿಂತಿತು.